ಕಡೂರಿನಲ್ಲಿ ಬಾಕಿ ಉಳಿದ ಎಂಟು ಕೊಲೆಗಳು

ಅಂಚೆಯಲ್ಲಿ ತಿಂಗಳಿಗೊಂದು ಪತ್ತೇದಾರಿ ಕಾದಂಬರಿ ಕಳಿಸುವ ಬಳಗಕ್ಕೆ ಸೇರಬಹುದಾ ಎಂದು ನನ್ನ ಅಂಗಡಿಗೆ ಬ್ಲೌಸ್ ಹೊಲಿಸಲು ಬರುವ ಹೆಂಗಸರು ಆಗಾಗ ಕೇಳುತ್ತಾರೆ. ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ಸದಾ ಒಂದು ಪುಸ್ತಕ ಬೋರಲು ಬಿದ್ದಿರುತ್ತದಲ್ಲ, ಅದನ್ನು ನೋಡಿ ಕೇಳುವುದು. ಮೊದಲೆಲ್ಲ ನಾನು ಥಟ್ಟನೆ ಹೇಳಿಬಿಡುತ್ತಿದ್ದೆ, "ಸೇರ್ಬೇಡಿ ಕಣ್ರೀ, ಹತ್ತರಲ್ಲಿ ಆರು ಜೊಳ್ಳು." ಹಾಗೆ ಹೇಳುತ್ತಲೇ ಮೂರು ವರ್ಷ ನಾನೇ ಚಂದಾ ಕಟ್ಟಿದೆ.

ಜೊಳ್ಳು ಎಂದರೆ ಜೊಳ್ಳೇ. ಒಂದರಲ್ಲಿ ನಲವತ್ತನೇ ಪುಟದಲ್ಲಿ ಸತ್ತ ಚಿಕ್ಕಪ್ಪ ನೂರಾ ಹತ್ತನೇ ಪುಟದಲ್ಲಿ ಕಾಫಿ ಕುಡಿಯುತ್ತಾನೆ. ಇನ್ನೊಬ್ಬ ಮಹಾಶಯ ಕೆಮ್ಮಣ್ಣುಗುಂಡಿಗೆ ರೈಲು ಹತ್ತಿಸಿದ್ದ. ಕೊಲೆಗಾರ ಬೆಳಗಿನ ರೈಲಿಗೆ ಅಲ್ಲಿಂದ ಪರಾರಿಯಂತೆ! ಲಿಂಗದಹಳ್ಳಿ ದಾಟಿದ ಮೇಲೆ ಜೀಪು ಹತ್ತುವುದಕ್ಕೇ ಏದುಸಿರು ಬಿಡುತ್ತದೆ, ಇವನಪ್ಪ ಹಾಕಿಸಿದ್ದನೇ ಕಂಬಿ? ಸಿಟ್ಟು ತಡೆಯದೆ ಬಳಗದವರಿಗೆ ಎರಡು ಪುಟ ಕಾಗದ ಬರೆದೆ. ಅವರು "ನಿಮ್ಮ ಪ್ರೀತಿಗೆ ಧನ್ಯವಾದ" ಎಂದು ಒಂದು ಬುಕ್‌ಮಾರ್ಕ್ ಕಳಿಸಿದರು. ಅದರ ಮೇಲೆ ಬೇರೆ ಒಂದು ರೈಲಿನ ಚಿತ್ರ.

ಆದರೂ ನಾನು ಬಿಡದಿದ್ದುದು ಪುಟ್ಟಲಕ್ಷ್ಮಿಯ ಸಲುವಾಗಿ. ತರೀಕೆರೆಯಲ್ಲಿ ಓದುವಾಗ ಹಾಸ್ಟೆಲಿನಲ್ಲಿ ಇಬ್ಬರದೂ ಒಂದೇ ಕೋಣೆ. ಬಾಡಿಗೆ ಪುಸ್ತಕದಂಗಡಿಯಿಂದ ಒಂದು ಕಾದಂಬರಿ ತಂದು, ಒಂದೇ ಚಾಪೆಯ ಮೇಲೆ ಮಲಗಿ ಇಬ್ಬರೂ ಒಟ್ಟಿಗೆ ಓದುತ್ತಿದ್ದೆವು. ನನ್ನದು ಓಟದ ಓದು. ಅವಳದು ಅಕ್ಕಿಯಲ್ಲಿ ಕಲ್ಲು ಆರಿಸುವವಳ ಓದು. ಅವಳು ಪುಟ ಮುಗಿಸುವ ಮೊದಲೇ ನಾನು ಮುಂದಿನದನ್ನು ಇಣುಕಿ ನೋಡಿ, "ಅಡುಗೆಯವನೇ ಕಣೇ!" ಎಂದುಬಿಡುತ್ತಿದ್ದೆ. ನನ್ನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ. ಪುಟ್ಟಿ ಅತ್ತು, ಮುನಿಸಿಕೊಂಡು, ಮತ್ತೆ ಮರುವಾರ ನನ್ನ ಪಕ್ಕದಲ್ಲೇ ಬಂದು ಮಲಗುತ್ತಿದ್ದಳು.

ಆಮೇಲೆ ನಾನು ರುದ್ರಮೂರ್ತಿಯವರನ್ನು ಮದುವೆಯಾಗಿ ಅಜ್ಜಂಪುರ ಸೇರಿದೆ. ಅವಳು ಕಡೂರು ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದ ಶಾಮಣ್ಣನವರ ಕೈಹಿಡಿದಳು. ಮಕ್ಕಳು ಮರಿ ಎಂದು ಮೂವತ್ತು ವರ್ಷ ಪುಸ್ತಕದ ಮುಖ ನೋಡದೆ ಕಳೆದವು. ಮೂರು ವರ್ಷದ ಕೆಳಗೆ ಈ ಬಳಗದ ಜಾಹೀರಾತು ನನ್ನ ಮೊಬೈಲಿಗೆ ಬಂದಾಗ, ಅವಳಿಗೆ ಫೋನು ಮಾಡಿ ಕೇಳಿದೆ. "ನೀನು ಸೇರ್ಕೋ, ಓದಿ ನಂಗೆ ಕಳ್ಸು" ಎಂದಳು. ಅಂದಿನಿಂದ ಪುಸ್ತಕ ಅಜ್ಜಂಪುರಕ್ಕೆ ಅಂಚೆಯಲ್ಲಿ ಬರುವುದು, ಅಜ್ಜಂಪುರದಿಂದ ಕಡೂರಿಗೆ ಕಂಡಕ್ಟರ್ ದೇವರಾಜನ ಕೈಯಲ್ಲಿ ಹೋಗುವುದು. ಅವಳು ಓದಿ ಮುಗಿಸಿದ ದಿನ ಫೋನು ಮಾಡುವಳು. ಇಬ್ಬರೂ ಒಂದು ಗಂಟೆ ಆ ಕಾದಂಬರಿಕಾರನ ಜನ್ಮ ಜಾಲಾಡುತ್ತಿದ್ದೆವು. ನನಗೆ ಬೇಕಾಗಿದ್ದು ಆ ಒಂದು ಗಂಟೆ. ಪುಸ್ತಕ ಬರೀ ನೆಪ.

ಕಳೆದ ವರ್ಷ ಶಾಮಣ್ಣನವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ನಾನು ಹೋಗಿ ನೋಡಿಕೊಂಡು ಬಂದೆ. ಅದಾದ ಎರಡು ತಿಂಗಳಿಗೆ ಪುಟ್ಟಿ ಒಂದು ಹೊಸ ಬೇಡಿಕೆ ಇಟ್ಟಳು.

"ಮಲ್ಲಿ, ಇನ್ಮೇಲೆ ಕೊನೆ ಅಧ್ಯಾಯನ ಹೊಲ್ದು ಕಳ್ಸೇ. ನಂಗೆ ತಡ್ಕೊಳಕ್ಕಾಗಲ್ಲ, ಮೊದ್ಲೇ ನೋಡ್ಬಿಡ್ತೀನಿ."

ನನಗೆ ಖುಷಿಯೋ ಖುಷಿ. ನನ್ನ ಚಾಳಿ ಕೊನೆಗೂ ಇವಳಿಗೆ ಅಂಟಿತು ಎಂದುಕೊಂಡೆ. ಕೊನೆಯ ಅಧ್ಯಾಯದ ಹಾಳೆಗಳನ್ನು ಸೇರಿಸಿ ಮೂರು ಕಡೆ ಹೊಲಿದು, ಹುಕ್ಕಿಗೆ ಹಾಕುವ ನನ್ನದೇ ಗಂಟು ಹಾಕಿ ಕಳಿಸಿದೆ. ಆಮೇಲೆ ಪ್ರತಿ ತಿಂಗಳೂ ಅದೇ ಪದ್ಧತಿಯಾಯಿತು. ಅವಳು ಫೋನಿನಲ್ಲಿ ಕೊಲೆಗಾರ ಯಾರೆಂದು ಊಹಿಸಿ, "ಈಗ ದಾರ ಕತ್ತರಿಸ್ತೀನಿ ಕಣೇ" ಎನ್ನುವಳು. ಚಕ್ ಚಕ್ ಎಂದು ಕತ್ತರಿಯ ಸದ್ದು ಕೇಳಿಸುವುದು. ಅವಳು ಓದಿ ಮುಗಿಸುವತನಕ ಸುಮ್ಮನಿರಲು ನನ್ನಿಂದ ಆಗಬೇಕಲ್ಲ? "ಭಾವಮೈದ ಕಣೇ, ಭಾವಮೈದ!" ಎಂದು ಕೂಗಿಬಿಡುವೆ. ಅವಳು "ಅಯ್ಯೋ, ಅವನೇನಾ!" ಎನ್ನುವಳು. ಹೀಗೆ ಎಂಟು ಪುಸ್ತಕ ಕಳೆದವು.

ಈ ವರ್ಷ ಬೀರೂರಿನಲ್ಲಿ ನಮ್ಮ ನೆಂಟರ ಗೃಹಪ್ರವೇಶಕ್ಕೆ ಹೋದವಳು, ಊಟ ಮುಗಿಸಿ ಹಾಗೇ ಕಡೂರಿಗೆ ಹೋದೆ. ಹೇಳದೆ ಹೋದದ್ದು. ಬಾಗಿಲು ತೆಗೆದ ಪುಟ್ಟಿ ಸ್ವಲ್ಪ ಗಾಬರಿಯಾದಂತೆ ಕಂಡಳು. ಶಾಮಣ್ಣನವರು ಒಳಕೋಣೆಯಲ್ಲಿ ಮಲಗಿದ್ದಾರೆ ಎಂದಳು. ಅವಳು ಕಾಫಿಗಿಡಲು ಹೋದಾಗ ನಾನು ನಡುಮನೆಯ ಗೋಡೆ ಬೀರುವಿನ ಬಾಗಿಲು ತೆಗೆದೆ. ನಮ್ಮ ಪುಸ್ತಕಗಳು ಸಾಲಾಗಿ ನಿಂತಿದ್ದವು. ಪ್ರೀತಿಯಿಂದ ಒಂದನ್ನು ಎಳೆದೆ. ಕೊನೆಯ ಅಧ್ಯಾಯದ ಹೊಲಿಗೆ ಹಾಗೇ ಇತ್ತು. ಇನ್ನೊಂದು ಎಳೆದೆ. ಅದೂ ಹಾಗೇ. ಎಂಟನ್ನೂ ನೋಡಿದೆ. ಬಿಚ್ಚಿ ಮತ್ತೆ ಹೊಲಿದದ್ದೂ ಅಲ್ಲ. ಆ ಗಂಟು ಅಜ್ಜಂಪುರ ಸೀಮೆಯಲ್ಲಿ ನನ್ನ ಬಿಟ್ಟು ಇನ್ನೊಬ್ಬರಿಗೆ ಬರುವುದಿಲ್ಲ.

ಎಂಟು ತಿಂಗಳಿಂದ ಇವಳು ನನ್ನ ಕಿವಿಗೆ ಬರೀ ಗಾಳಿಯನ್ನು ಕತ್ತರಿಸಿ ಕೇಳಿಸಿದ್ದಾಳೆ ಎಂದು ಹೊಳೆದ ಕೂಡಲೇ ಮೈ ಉರಿದುಹೋಯಿತು. ಉರಿಗಿಂತ ಹೆಚ್ಚಾಗಿ ನೋವಾಯಿತು. ನನ್ನ ಜೊತೆ ಮಾತಾಡುವುದೇ ಇವಳಿಗೆ ಹೊರೆ, ದಾಕ್ಷಿಣ್ಯಕ್ಕೆ ಹೂಂಗುಟ್ಟುತ್ತಿದ್ದಾಳೆ ಎಂದುಕೊಂಡೆ. ನಾನು ಸುಮ್ಮನಿರುವ ಪೈಕಿಯೂ ಅಲ್ಲ. ಕಾಫಿ ಹಿಡಿದು ಬಂದವಳ ಮುಂದೆ ಪುಸ್ತಕಗಳನ್ನು ಹರಡಿದೆ.

"ಎಂಟು ತಿಂಗ್ಳಿಂದ ಇದೆಂಥಾ ನಾಟಕವೇ ಈ ಮನೇಲಿ? ನಾಚಿಕೆ ಆಗಲ್ವಾ? ವಯಸ್ಸಾದೋರು ಆಡೋ ಆಟವಾ ಇದು?"

ಪುಟ್ಟಿ ಒಳಕೋಣೆಯ ಕಡೆ ನೋಡಿ, "ಮೆಲ್ಲಗೆ ಮಾತಾಡೇ, ನಿನ್ನ ದಮ್ಮಯ್ಯ" ಎಂದಳು.

"ಯಾಕೆ ಮೆಲ್ಲಗೆ? ಓದಕ್ಕೆ ಇಷ್ಟ ಇಲ್ದಿದ್ರೆ ಬಾಯಿ ಬಿಟ್ಟು ಹೇಳ್ಬೋದಿತ್ತು. ಇದು ಯಾವ್ದು, ಬಂಗಲೆ ಕೊಲೆದಲ್ವಾ? ಇದ್ರಲ್ಲಿ ಕೊಂದೋನು ಯಾರು ಅಂತ ನಾನೇ ಹೇಳ್ತೀನಿ ಕೇಳು, ಇವನು..."

ಅಷ್ಟರಲ್ಲಿ ಪುಟ್ಟಿ ಲೋಟ ಕೆಳಗಿಟ್ಟು, ಹತ್ತಿರ ಬಂದು, ತನ್ನ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. ಗಟ್ಟಿಯಾಗಿ ಅದುಮಿ ಮುಚ್ಚಿದಳು. ಐವತ್ತೆಂಟು ವರ್ಷದ ನನ್ನ ಬಾಯನ್ನು ನನ್ನ ಗಂಡನೂ ಹಾಗೆ ಮುಚ್ಚಿದವರಲ್ಲ. ಅವಳ ಕೈ ಕಿತ್ತು, "ಸುಳ್ಳುಗಾರ್ತಿ" ಎಂದೆ. ಕಾಫಿ ಮುಟ್ಟದೆ ಹೊರಟು ಬಂದೆ.

ಅದೇ ವಾರ ಬಳಗದವರ ಫಾರಂ ಬಂದಿತ್ತು. ಮುಂದಿನ ವರ್ಷಕ್ಕೂ ಸದಸ್ಯರಾಗಿ ಇರುತ್ತೀರಾ ಎಂದು ಕೇಳಿದ್ದರು. "ಇಷ್ಟವಿಲ್ಲ" ಎಂಬಲ್ಲಿ ಗುರುತು ಹಾಕಿ, ಗುರುತು ಸಣ್ಣದಾಯಿತೆನ್ನಿಸಿ ಅದರ ಮೇಲೆ ಇನ್ನೊಮ್ಮೆ ಗೀಚಿ, ಪೋಸ್ಟ್‌ಮನ್ ಷಡಕ್ಷರಿಯ ಕೈಗೇ ಕೊಟ್ಟೆ. ಅವನು ಅದನ್ನು ತಿರುಗಿಸಿ ನೋಡಿ, "ಯಾಕಕ್ಕ, ಪುಸ್ತಕ ಚೆನ್ನಾಗಿಲ್ವಾ?" ಎಂದ. ನಿನ್ನ ಕೆಲಸ ನೋಡು ಎಂದೆ.

ತಿಂಗಳು ಕಳೆಯಿತು. ಪುಟ್ಟಿ ಫೋನು ಮಾಡಲಿಲ್ಲ. ನಾನೂ ಮಾಡಲಿಲ್ಲ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೈ ಮಿಷನ್ನಿನ ಪಕ್ಕಕ್ಕೆ ಹೋಗಿ ಪುಸ್ತಕ ಹುಡುಕುವುದು, ಬರೀ ಕೆಮ್ಮಣ್ಣುಗುಂಡಿಯ ರೈಲಿನ ಸಿಟ್ಟು ನೆನಪಾಗುವುದು. ರುದ್ರಮೂರ್ತಿಯವರು, "ಅಷ್ಟೆಲ್ಲ ಉರ್ಕೊಳೋ ಬದ್ಲು ಒಂದ್ಸಲ ಮಾತಾಡ್ಬಾರ್ದಾ?" ಎಂದರು. ತಪ್ಪು ಮಾಡಿದವಳು ಅವಳು, ನಾನ್ಯಾಕೆ ಮಾತಾಡಲಿ ಎಂದು ಅವರ ಮೇಲೂ ರೇಗಿದೆ.

ಒಂದು ಬುಧವಾರ ಬೆಳಿಗ್ಗೆ ದೇವರಾಜ ಬಸ್ಸು ನಿಲ್ಲಿಸಿ ಅಂಗಡಿ ಮೆಟ್ಟಿಲು ಹತ್ತಿದ.

"ಅಕ್ಕ, ಹೊಸ ಕೇಸು ಬರ್ಲಿಲ್ವಾ?"

"ಯಾವ ಕೇಸು?"

"ಪುಸ್ತಕ ಅಕ್ಕ. ಅದು ಬಂದ್ರಾದ್ರೂ ಸಾಹೇಬ್ರು ಏಳ್ತಾರೇನೋ ಅಂತ. ಕೋರ್ಟ್ ನಿಂತು ತಿಂಗ್ಳಾಯ್ತು. ನಾನು ಅಡುಗೆಯೋನ ಪರ ಎಷ್ಟು ಚೆನ್ನಾಗಿ ಪಾಯಿಂಟು ಮಡಿಕ್ಕೊಂಡಿದ್ದೆ, ಎಲ್ಲಾ ವೇಸ್ಟಾಯ್ತು."

ನನಗೆ ತಲೆಬುಡ ಗೊತ್ತಾಗಲಿಲ್ಲ. ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಕೇಳಿದೆ. ಹಿಂದೆ ಬಸ್ಸಿನವರು ಹಾರ್ನ್ ಹೊಡೆಯುತ್ತಿದ್ದರೂ ಅವನು ಪೂರ್ತಿ ಹೇಳಿಯೇ ಎದ್ದ.

ಆಪರೇಷನ್ ಆದ ಮೇಲೆ ಶಾಮಣ್ಣನವರು ವಾಕರ್ ಹಿಡಿಯಲು ಒಪ್ಪಲಿಲ್ಲವಂತೆ. ಡಾಕ್ಟರು ನಡೆಯಲೇಬೇಕು ಎಂದರೂ ಗೋಡೆ ಕಡೆ ತಿರುಗಿ ಮಲಗಿಬಿಟ್ಟರಂತೆ. ಬೇಸರ ಕಳೆಯಲೆಂದು ಪುಟ್ಟಿ ನನ್ನ ಪುಸ್ತಕ ಓದಿ ಹೇಳತೊಡಗಿದಳು. ನಾನು ಹೊಲಿದು ಕಳಿಸಿದ ಮೊದಲ ಪುಸ್ತಕದಲ್ಲಿ ಕೊನೆಯ ಅಧ್ಯಾಯಕ್ಕೆ ಬಂದು ದಾರ ಕತ್ತರಿಸಹೊರಟಾಗ ಅವರು ಕೈ ಎತ್ತಿ ತಡೆದರು. "ವಾದ ಆಗ್ದೆ ತೀರ್ಪು ಓದೋದು ಯಾವ ಕೋರ್ಟಲ್ಲಿದೆ? ವಕೀಲರನ್ನ ಕರೆಸು" ಎಂದರು. ತಮಾಷೆಗೆ ಎಂದು ಪಕ್ಕದ ಮನೆಯ ಟೈಪಿಂಗ್ ಭೈರೇಶನನ್ನು ಕರೆಸಿದಳು. ಬುಧವಾರ ಮೂರು ಗಂಟೆಗೆ ದೇವರಾಜನ ಬಸ್ಸು ಕಡೂರಿನಲ್ಲಿ ಒಂದು ಗಂಟೆ ನಿಲ್ಲುತ್ತದೆ, ಅವನೂ ಸೇರಿಕೊಂಡ. ಒಬ್ಬ ಅಡುಗೆಯವನ ಪರ, ಇನ್ನೊಬ್ಬ ಡಾಕ್ಟರನ ಪರ. ಆದರೆ ಕೋರ್ಟು ಮಂಚದ ಮೇಲೆ ನಡೆಯುವುದಿಲ್ಲವಲ್ಲ, ಕುರ್ಚಿಯ ಮೇಲೆ ನಡೆಯಬೇಕು. ಶಾಮಣ್ಣನವರು ವಾಕರ್ ಹಿಡಿದು ನಡುಮನೆಗೆ ಬಂದರು. ಬುಧವಾರ ಬಂದವರು ಮರುದಿನ ದಿನಚರಿಗೆ ಕೇಸು ಬರೆಯಲು ಬಂದರು. ಆಮೇಲೆ ಜಗಲಿಯವರೆಗೆ ಹೋಗತೊಡಗಿದರು.

"ಮತ್ತೆ ತೀರ್ಪು?" ಎಂದೆ.

"ತೀರ್ಪು ಎಲ್ಲಿ ಕೊಟ್ಟವ್ರೆ? ವಾದ ಎಲ್ಲಾ ಕೇಳ್ಕಂಡು ಮುಂದಿನ ಬುಧವಾರಕ್ಕೆ ವಾಯಿದೆ ಹಾಕ್ತಾರೆ. ಮೂವತ್ನಾಲ್ಕು ವರ್ಷ ಅವ್ರು ಕೋರ್ಟಲ್ಲಿ ಮಾಡಿದ್ದು ಅದೇ ಕೆಲ್ಸ ಅಲ್ವಾ ಅಕ್ಕ, ಕೇಸು ಕೂಗೋದು, ವಾಯಿದೆ ತಾರೀಕು ಬರೆಯೋದು. ತೀರ್ಪು ಜಡ್ಜ್ ಕೊಡೋದು, ನನ್ನ ಕೆಲ್ಸ ಅಲ್ಲ ಅಂತಾರೆ. ಎಂಟೂ ಕೇಸು ಬಾಕಿ ಅವೆ."

"ಈಗ ಯಾಕೆ ನಿಂತುಹೋಯ್ತು?"

ದೇವರಾಜ ತಲೆ ಕೆರೆದುಕೊಂಡ. "ಯಾರೋ ನೆಂಟ್ರು ಬಂದು, ವಯಸ್ಸಾದೋರು ಆಡೋ ಆಟವಾ, ನಾಚಿಕೆ ಆಗಲ್ವಾ ಅಂತ ಜೋರು ಮಾಡಿದ್ರಂತೆ. ಸಾಹೇಬ್ರು ಒಳಗಿಂದ ಕೇಳಿಸ್ಕಂಡವ್ರೆ. ಊರೋರೆಲ್ಲ ನಗ್ತಾವ್ರೆ ಅಂತ ತಿಳ್ಕಂಡು ದಿನಚರಿ ಮುಚ್ಚಿಟ್ಟು ಮಲಗಿಬಿಟ್ರು. ವಾಕರ್ ಮೇಲೆ ಈಗ ಬಟ್ಟೆ ಒಣಗ್ತಾ ಅದೆ."

ಅವನು ಹೋದ ಮೇಲೆ ನೋಡಿದರೆ, ಕೈಯಲ್ಲಿದ್ದ ಬ್ಲೌಸನ್ನು ತಲೆಕೆಳಗಾಗಿ ಹೊಲಿದಿದ್ದೆ. ಬಿಚ್ಚಲೂ ಕೂರಲಿಲ್ಲ. ಬಳಗದವರಿಗೆ ಫೋನು ಮಾಡಿದೆ. ಆ ಕಡೆಯ ಹುಡುಗಿ, ನನ್ನ ಹೆಸರು ತೆಗೆದುಹಾಕಿದೆ ಎಂದಳು. ಹೊಸದಾಗಿ ಸೇರಿದರೆ ಎರಡು ತಿಂಗಳ ನಂತರ ಮೊದಲ ಪುಸ್ತಕ ಬರುತ್ತದೆ, ಸೇರಿಸಲೇ ಎಂದು ಕೇಳಿದಳು. ಸೇರಿಸು ಎಂದೆ. ಆದರೆ ಎರಡು ತಿಂಗಳು ಮಂಚದಲ್ಲಿ ಬಿದ್ದುಕೊಂಡ ಮನುಷ್ಯ ಮತ್ತೆ ಎದ್ದು ನಡೆಯುತ್ತಾನೆಂಬ ಧೈರ್ಯ ನನಗಿರಲಿಲ್ಲ. ಅಂಗಡಿಗೆ ಬೀಗ ಹಾಕಿ ಮಧ್ಯಾಹ್ನದ ಟ್ರಿಪ್ಪಿಗೆ ದೇವರಾಜನ ಬಸ್ಸು ಹತ್ತಿದೆ.

ಪುಟ್ಟಿ ಬಾಗಿಲು ತೆಗೆದಳು. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನೇ ಹೋಗಿ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೆ.

"ನಂಗೆ ಯಾಕೆ ಹೇಳ್ಲಿಲ್ಲ ಪುಟ್ಟಿ?"

"ಹೇಳಿದ್ರೆ ನೀನು ಸುಮ್ನಿರ್ತಿದ್ದಾ?" ಅವಳು ಒಲೆ ಒರೆಸುತ್ತಲೇ ಇದ್ದಳು. "ಒಂದು ಬುಧವಾರ ಬಂದು ಕೂತಿದ್ರೆ ಸಾಕಿತ್ತು, ಎಂಟೂ ಕೊಲೆಗಾರರ ಹೆಸರು ಒದರಿ ಕೋರ್ಟು ಮುಚ್ಚಿಸ್ತಿದ್ದೆ. ಕೇಸು ಮುಗಿದ್ರೆ ಮುಂದಿನ ಬುಧವಾರ ಅವ್ರು ಯಾಕೆ ಎದ್ದು ಬರ್ತಾರೆ ಹೇಳು? ನಂಗೆ ಎಂಟೂ ಗೊತ್ತು ಕಣೇ. ನೀನು ಫೋನಲ್ಲಿ ಕೂಗಿದ್ದೆಲ್ಲ ಇಲ್ಲೇ ಇದೆ." ಎದೆ ಮುಟ್ಟಿ ತೋರಿಸಿದಳು. "ಒಂದ್ಸಲಾನೂ ಬಾಯಿ ಬಿಟ್ಟಿಲ್ಲ. ಇವರಿಗೂ ಮುಜುಗರ. ದೊಡ್ಡ ಕೋರ್ಟಲ್ಲಿದ್ದೋರು ಮನೇಲಿ ಕೂತು ಕೋರ್ಟಾಟ ಆಡ್ತಾರೆ ಅಂತ ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು."

ನನ್ನ ಗೆಳತಿ ನನಗೆ ಹೆದರಿ ಎಂಟು ತಿಂಗಳು ಸುಳ್ಳು ಹೇಳಿದ್ದಳು. ಅವಳಂದದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ, ಅದಕ್ಕೇ ಹೆಚ್ಚು ಸಂಕಟವಾಯಿತು.

"ತಪ್ಪಾಯ್ತು ಕಣೇ" ಎಂದೆ. ಅವಳು ಒಲೆ ಬಿಟ್ಟು ಪಾತ್ರೆ ತೊಳೆಯಲು ನಿಂತಳು.

ಒಳಕೋಣೆಗೆ ಹೋದೆ. ಶಾಮಣ್ಣನವರು ಗೋಡೆ ಕಡೆ ತಿರುಗಿ ಮಲಗಿದ್ದರು. ವಾಕರ್ ಮೇಲೆ ಎರಡು ಟವೆಲ್ಲು, ಒಂದು ಲಂಗ. ಅವರನ್ನು ಏಳಿ ಎಂದರೆ ಏಳುವುದಿಲ್ಲ. ಡಾಕ್ಟರ ಮಾತೇ ಕೇಳದವರು ನನ್ನ ಮಾತು ಕೇಳುತ್ತಾರೆಯೇ? ನನ್ನ ಹತ್ತಿರ ಹೊಸ ಪುಸ್ತಕವೂ ಇರಲಿಲ್ಲ. ಏನು ಮಾಡಲಿ ಎಂದು ಯೋಚಿಸುವ ಮೊದಲೇ ಬಾಯಿ ಹೊರಟಿತು. ನನ್ನ ಬಾಯಿ ಒಳ್ಳೆಯದಕ್ಕೆ ಹೊರಟಿದ್ದು ಅದೇ ಮೊದಲಿರಬೇಕು.

"ಶಾಮಣ್ಣೋರೆ, ಒಂದು ದೂರಿದೆ. ಆರೋಪಿ ನಾನೇ. ಇಲ್ಲೇ ಈಗ್ಲೇ ವಿಚಾರಿಸಿ ಶಿಕ್ಷೆ ಕೊಟ್ಬಿಡಿ, ನಾಲ್ಕು ಗಂಟೆ ಬಸ್ಸಿಗೆ ಹೋಗ್ಬೇಕು."

ಅವರು ಅಲುಗಾಡಲಿಲ್ಲ. ಗೋಡೆಗೇ ಹೇಳುವಂತೆ, "ಆರೋಪಿ ಬಂದು ಮಂಚದ ಹತ್ರ ನಿಲ್ಲೋ ಕೋರ್ಟು ಯಾವ್ದು?" ಎಂದರು.

"ನಂಗೇನ್ ಗೊತ್ತು, ನಾನು ಟೈಲರು. ಹೆಸ್ರು ಕೂಗೋರು ಯಾರೂ ಇಲ್ಲ, ನಾನೇ ಬಂದ್ಬಿಟ್ಟೆ."

"ಕೂಗ್ದೆ ಬರೋ ಹಾಗಿಲ್ಲ." ಈಗ ದನಿ ಸ್ವಲ್ಪ ಗಡುಸಾಗಿತ್ತು. "ಹೊರಗೆ ನಿಲ್ಲಿ. ದಿನಚರೀಲಿ ನಂಬರ್ ಹಾಕ್ಬೇಕು, ದೂರುದಾರರು ಹಾಜರಿರ್ಬೇಕು. ಹೀಗೆಲ್ಲ ಅಡ್ಡಾದಿಡ್ಡಿ ಮಾಡಕ್ಕೆ ಇದೇನು ಸಂತೆನಾ?"

ನಾನು ಹೊರಗೆ ಬಂದು ನಿಂತೆ. ಪುಟ್ಟಿ ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈಯಲ್ಲೇ ನಿಂತಿದ್ದಳು. ಒಳಗೆ ಮಂಚ ಕಿರುಗುಟ್ಟಿತು. ಟವೆಲ್ಲು ನೆಲಕ್ಕೆ ಬಿದ್ದ ಸದ್ದಾಯಿತು. ಆಮೇಲೆ ವಾಕರಿನ ಕಾಲು ನೆಲಕ್ಕೆ ತಗಲುವ ಸದ್ದು. ನಿಂತಿತು. ಮತ್ತೆ ತಗಲಿತು. ಪುಟ್ಟಿ ನನ್ನ ಕೈ ಹಿಡಿದುಕೊಂಡಳೋ ನಾನು ಅವಳದು ಹಿಡಿದೆನೋ ಗೊತ್ತಿಲ್ಲ. ಬಾಗಿಲಿಗೆ ಬರಲು ಅವರಿಗೆ ತುಂಬ ಹೊತ್ತು ಹಿಡಿಯಿತು. ಕುರ್ಚಿಯಲ್ಲಿ ಕೂತಾಗ ಹಣೆಯಲ್ಲಿ ಬೆವರಿತ್ತು. ಪುಟ್ಟಿ ಓಡಿಹೋಗಿ ಭೈರೇಶನನ್ನು ಕರೆತಂದಳು. ಬಸ್ಸು ನಿಲ್ಲಿಸಿ ಬಂದ ದೇವರಾಜ ಜಗಲಿಯಿಂದಲೇ ಕೂಗಿದ.

"ಮಲ್ಲಿಕಾಂಬ ಕೋಂ ರುದ್ರಮೂರ್ತಿ! ಮಲ್ಲಿಕಾಂಬ ಕೋಂ ರುದ್ರಮೂರ್ತಿ! ಮಲ್ಲಿಕಾಂಬ ಕೋಂ ರುದ್ರಮೂರ್ತಿ!"

ಅಕ್ಕಪಕ್ಕದ ಮನೆಯವರು ಇಣುಕಿ ನೋಡಿದರು. ಶಾಮಣ್ಣನವರು ಅತ್ತ ತಿರುಗಲೂ ಇಲ್ಲ. ನಾನು ಹೋಗಿ ಅವರ ಮುಂದೆ ಕೈ ಕಟ್ಟಿ ನಿಂತೆ.

"ದೂರೇನು?"

"ನಲವತ್ತು ವರ್ಷದ ಗೆಳತೀನ ವಿಷಯ ತಿಳ್ಕೊಳ್ದೆ ಸುಳ್ಳುಗಾರ್ತಿ ಅಂದೆ. ಅವಳ ಮನೇಲಿ ನಿಂತ್ಕೊಂಡು ಕೂಗಾಡ್ದೆ. ಅವಳು ಕೊಟ್ಟ ಕಾಫಿ ಬಿಟ್ಟು ಹೋದೆ."

"ಒಪ್ಕೊಳ್ತೀರಾ?"

"ಒಪ್ಕೊಳ್ತೀನಿ."

"ಒಪ್ಕೊಂಡ್ಮೇಲೆ ಇನ್ನೇನ್ ಸ್ವಾಮಿ" ಎಂದ ಭೈರೇಶ, "ಇವತ್ತೇ ಮುಗ್ಸಿಬಿಡಿ."

ಶಾಮಣ್ಣನವರು ಪೆನ್ನಿನ ಟೊಪ್ಪಿ ತೆಗೆದು ದಿನಚರಿಯ ಮೇಲೆ ಹಿಡಿದರು. ಬರೆಯಲಿಲ್ಲ. ತಲೆಯೆತ್ತಿ ಹೆಂಡತಿಯ ಕಡೆ ನೋಡಿದರು.

"ದೂರುದಾರರು ಏನಂತಾರೆ?"

ಪುಟ್ಟಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು, ಆದರೆ ದನಿ ಸ್ಪಷ್ಟವಾಗಿತ್ತು.

"ನಂಗೆ ಇನ್ನೂ ಕೋಪ ಹೋಗಿಲ್ಲ ಸ್ವಾಮಿ. ಟೈಮ್ ಬೇಕು."

ಶಾಮಣ್ಣನವರು ಗೋಡೆಯ ಕ್ಯಾಲೆಂಡರ್ ನೋಡಿ, ಬೆರಳಲ್ಲಿ ದಿನ ಎಣಿಸಿ, ನಿಧಾನವಾಗಿ ದಿನಚರಿಯಲ್ಲಿ ಬರೆದರು.

"ಮುಂದಿನ ಬುಧವಾರಕ್ಕೆ ವಾಯಿದೆ. ಆರೋಪಿ ತಪ್ಪದೆ ಹಾಜರಿರ್ಬೇಕು. ಮಧ್ಯಾಹ್ನ ಮೂರು ಗಂಟೆ."

ನನಗೆ ಹೇಳಲು ಬೇಕಾದಷ್ಟಿತ್ತು. "ಬರ್ತೀನಿ ಸ್ವಾಮಿ" ಎಂದಷ್ಟೇ ಹೇಳಿ ಸುಮ್ಮನೆ ನಿಂತೆ.